ಅತ್ತಿಬೆಲೆಯಾಚೆಯ ಬಾಡಿಗೆ: ರಾಜ್ಯ ದಾಟುವ ಮುನ್ನ ಮಾಡಬೇಕಾದ ಲೆಕ್ಕ

ಬೆಂಗಳೂರಿನ ದಕ್ಷಿಣಕ್ಕಿರುವ ಬೊಮ್ಮಸಂದ್ರ, ಜಿಗಣಿ ಹಾಗೂ ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಿಗಳಿಗೆ ಒಂದು ಮಾತು ಚಿರಪರಿಚಿತ. ಐದಾರು ವರ್ಷ ದುಡಿದು ಕೈ ಪಳಗಿದ ಟರ್ನರ್ ಅಥವಾ ಫಿಟ್ಟರ್ ಒಂದು ದಿನ ಬಂದು, "ಸಾರ್, ಹೊಸೂರಿಗೆ ಹೋಗ್ತಿದ್ದೀನಿ, ಅಲ್ಲಿ ಬಾಡಿಗೆ ಕಡಿಮೆ" ಎನ್ನುತ್ತಾನೆ. ಕೆಲವರು ಮನೆಯನ್ನು ಮಾತ್ರ ಬದಲಿಸಿ ಹಳೆಯ ಕೆಲಸಕ್ಕೇ ಬರುತ್ತಾರೆ. ಮತ್ತೆ ಕೆಲವರು ಮನೆಯೊಂದಿಗೆ ಕೆಲಸವನ್ನೂ ಬದಲಿಸುತ್ತಾರೆ. ಮಾಲೀಕರಲ್ಲಿಯೂ ಅನೇಕರು ಶೆಡ್ಡಿನ ಬಾಡಿಗೆಯ ಹೊರೆ ತಾಳಲಾರದೆ ಗಡಿಯಾಚೆಗೆ ಕಣ್ಣು ಹಾಯಿಸಿದ್ದಾರೆ. ದೂರದ ದೃಷ್ಟಿಯಿಂದ ನೋಡಿದರೆ ಇದೊಂದು ಸಣ್ಣ ಸ್ಥಳಾಂತರ. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರು; ಬೊಮ್ಮಸಂದ್ರದಿಂದ ಅದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಅತ್ತಿಬೆಲೆ ದಾಟಿದೊಡನೆ ರಾಜ್ಯ ಬದಲಾಗುತ್ತದೆ. ಬಾಡಿಗೆಯ ಉಳಿತಾಯ ತಿಂಗಳು ತಿಂಗಳೂ ಕೈಗೆ ಕಾಣುತ್ತದೆ. ರಾಜ್ಯ ಬದಲಾದುದರ ಖರ್ಚು ಮಾತ್ರ ಒಂದು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆಲೇ ಎದುರಾಗುತ್ತದೆ. ಹೊರಡುವ ದಿನ ಹಾಕಿದ ಲೆಕ್ಕದಲ್ಲಿ ಈ ಎರಡನೆಯ ಬಾಬ್ತು ಸಾಮಾನ್ಯವಾಗಿ ಇರುವುದೇ ಇಲ್ಲ.

ಹೊಸೂರು ಇಂದು ನಿನ್ನೆಯ ಕೈಗಾರಿಕಾ ನಗರವಲ್ಲ. ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆ 1970ರ ದಶಕದಲ್ಲಿ ಇಲ್ಲಿ ಕೈಗಾರಿಕಾ ಸಂಕೀರ್ಣವನ್ನು ಆರಂಭಿಸಿತು. ಬೆಂಗಳೂರಿನ ಮಾರುಕಟ್ಟೆ, ಬೆಂಗಳೂರಿನ ಹವೆ, ಬೆಂಗಳೂರಿನ ನುರಿತ ಕೆಲಸಗಾರರು ಇವೆಲ್ಲವನ್ನೂ ತಮಿಳುನಾಡಿನ ನೆಲದ ಮೇಲಿಂದಲೇ ಪಡೆಯಬಹುದೆಂಬ ಲೆಕ್ಕಾಚಾರ ಅದರ ಹಿಂದೆ ಇತ್ತು, ಅದು ಸುಳ್ಳಾಗಲಿಲ್ಲ. ಅಶೋಕ್ ಲೇಲ್ಯಾಂಡ್ ಬಂದಿತು, ಟಿವಿಎಸ್ ಮೊಪೆಡ್ 1980ರಲ್ಲಿ ಇಲ್ಲಿಂದಲೇ ಹೊರಬಿದ್ದಿತು, ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೋ ಜಂಟಿಯಾಗಿ ಕಟ್ಟಿದ ಟೈಟನ್ ತನ್ನ ಗಡಿಯಾರ ಕಾರ್ಖಾನೆಯನ್ನು ಇಲ್ಲಿಯೇ ಸ್ಥಾಪಿಸಿತು. ಬೆಂಗಳೂರಿನಲ್ಲಿ ನೆಲೆಸಿರುವ ಏಥರ್ ಎನರ್ಜಿ 2021ರಲ್ಲಿ ತನ್ನ ವಿದ್ಯುತ್ ಸ್ಕೂಟರುಗಳ ತಯಾರಿಕೆಯನ್ನು ಹೊಸೂರಿಗೆ ಕೊಂಡೊಯ್ದಿತು. ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಊರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ತೆಲುಗು, ಕನ್ನಡ, ತಮಿಳು ಮೂರೂ ಬೀದಿಯ ಭಾಷೆಗಳಾಗಿರುವ ಕಾರಣ ಇಲ್ಲಿಗೆ ಹೋದ ಕನ್ನಡಿಗನಿಗೆ ಪರಸ್ಥಳಕ್ಕೆ ಬಂದ ಭಾವನೆಯೇ ಬಾರದು. ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕನ್ನಡ ನಡೆಯುತ್ತದೆ. ರಾಜ್ಯ ಬದಲಾಗಿದೆ ಎಂಬುದು ಕಚೇರಿಯ ಮೆಟ್ಟಿಲು ಹತ್ತಿದಾಗ ಮಾತ್ರ ಗೊತ್ತಾಗುತ್ತದೆ.

ಒಂದು ಕುಟುಂಬದ ತಿಂಗಳ ಲೆಕ್ಕ

ಬೊಮ್ಮಸಂದ್ರದಲ್ಲಿ ಕಾರ್ಖಾನೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ವಾಸವಾಗಿರುವ ಒಬ್ಬ ಟರ್ನರನ ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಲೆಕ್ಕದ ಅನುಕೂಲಕ್ಕೆ ಆತನ ಮನೆಯ ಬಾಡಿಗೆ 11,000 ರೂಪಾಯಿ ಎಂದೂ, ಹೊಸೂರಿನಲ್ಲಿ ಅಂಥದೇ ಮನೆ 6,000 ರೂಪಾಯಿಗೆ ದೊರೆಯುವುದೆಂದೂ ಇಟ್ಟುಕೊಳ್ಳೋಣ. ತಿಂಗಳಿಗೆ 5,000 ರೂಪಾಯಿಯ ಉಳಿತಾಯ. ಆತ ಕೆಲಸ ಬಿಡದೆ ಮನೆಯನ್ನಷ್ಟೇ ಬದಲಿಸಿದನೆಂದರೆ ದಿನಕ್ಕೆ ಹೋಗಿಬರಲು ಸುಮಾರು 36 ಕಿಲೋಮೀಟರು. ತಿಂಗಳಿಗೆ 26 ದಿನದ ಕೆಲಸಕ್ಕೆ 936 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರು ಓಡುವ ಬೈಕು, ಲೀಟರಿಗೆ ನೂರು ರೂಪಾಯಿಯ ಪೆಟ್ರೋಲು ಎಂದು ಹಿಡಿದರೆ ಸುಮಾರು 2,100 ರೂಪಾಯಿ ರಸ್ತೆಗೆ ಹೋಯಿತು.

ಇನ್ನೊಂದು ಬಾಬ್ತು ಮನೆಯೊಡತಿಯದು. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಡಿ ಪಡಿತರ ಚೀಟಿಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಪಡಿಸಲಾಯಿತು. ಅದೇ ವರ್ಷ ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮಾತ್ರ, ಅದೂ ರಾಜ್ಯದ ಗಡಿಯೊಳಗೆ. ವಿಳಾಸ ಹೊಸೂರಿಗೆ ಬದಲಾದೊಡನೆ ಇವೆರಡರ ಆಧಾರವೇ ಕಳಚುತ್ತದೆ. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದ ಕೇಂದ್ರದ ಪಾಲಿನ ಧಾನ್ಯವನ್ನು ಯಾವ ರಾಜ್ಯದಲ್ಲಿಯಾದರೂ ಪಡೆಯಬಹುದು, ನಿಜ. ಆದರೆ ರಾಜ್ಯ ತನ್ನ ಬೊಕ್ಕಸದಿಂದ ಕೊಡುವ ಹೆಚ್ಚುವರಿ ಪಾಲು ಗಡಿ ದಾಟಿ ಬಾರದು. ತಮಿಳುನಾಡಿನಲ್ಲಿಯೂ ಇಂಥ ಸೌಲಭ್ಯಗಳಿವೆ. ಅವುಗಳಿಗೆ ಅಲ್ಲಿನ ಪಡಿತರ ಚೀಟಿ ಬೇಕು, ಅದಕ್ಕೆ ಮುನ್ನ ಇಲ್ಲಿನ ಚೀಟಿಯಿಂದ ಹೆಸರು ತೆಗೆಸಬೇಕು.

ಉಳಿದ 2,900ರಲ್ಲಿ 2,000 ಕಳೆದರೆ ಕೈಯಲ್ಲಿ ನಿಲ್ಲುವುದು 900 ರೂಪಾಯಿ. ಐದು ಸಾವಿರವೆಂದು ಹೊರಟ ಕುಟುಂಬ ಒಂಬೈನೂರಕ್ಕೆ ಬಂದು ನಿಂತಿತು. ಆತ ಹೊಸೂರಿನಲ್ಲಿಯೇ ಅಷ್ಟೇ ಸಂಬಳದ ಕೆಲಸ ಹಿಡಿದನೆಂದರೆ ಪೆಟ್ರೋಲಿನ ಖರ್ಚು ತಪ್ಪಿ 3,000 ರೂಪಾಯಿ ಉಳಿಯುತ್ತದೆ. ಆದುದರಿಂದ ಮನೆಯನ್ನು ಮಾತ್ರ ಬದಲಿಸುವುದು ಬಹುಪಾಲು ನಷ್ಟದ ಬಾಬತ್ತು. ಮನೆ ಮತ್ತು ಕೆಲಸ ಎರಡನ್ನೂ ಬದಲಿಸಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಕಾರ್ಮಿಕರು ಈ ಲೆಕ್ಕವನ್ನು ಮೊದಲು ಮಾಡದಿದ್ದರೂ ಆರು ತಿಂಗಳು ಬೈಕು ಓಡಿಸಿದ ಮೇಲೆ ತಪ್ಪದೆ ಮಾಡುತ್ತಾರೆ. ಮನೆ ಬದಲಿಸಿದವನು ಕೆಲಸವನ್ನೂ ಬದಲಿಸಲು ಹೆಚ್ಚು ದಿನ ಬೇಕಾಗದು ಎಂಬುದನ್ನು ಮಾಲೀಕರು ಈಗಲೇ ಗಮನಿಸುವುದು ಒಳಿತು.

ಹಾಗಾದರೆ ಒಂಬೈನೂರು ರೂಪಾಯಿಗಾಗಿ ಯಾರಾದರೂ ಊರು ಬಿಡುವರೇ? ಬಿಡುವುದು ಬಾಡಿಗೆಯ ಸಲುವಾಗಿ ಅಲ್ಲ, ಜನ ಅಡ್ವಾನ್ಸ್ ಎಂದು ಕರೆಯುವ ಮುಂಗಡ ಹಣದ ಸಲುವಾಗಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆ ಬಹುಕಾಲದ್ದು. ಮೇಲಿನ ಲೆಕ್ಕದಲ್ಲಿ ಅದು 1,10,000 ರೂಪಾಯಿ. ತಮಿಳುನಾಡಿನಲ್ಲಿ 2019ರಲ್ಲಿ ಜಾರಿಗೆ ಬಂದ ಬಾಡಿಗೆ ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ವಾಡಿಕೆಯಲ್ಲಿ ಹೆಚ್ಚು ಕೇಳುವ ಮನೆಯೊಡೆಯರು ಇರಬಹುದಾದರೂ ಮೂರು ತಿಂಗಳೆಂದು ಹಿಡಿದರೆ 18,000 ರೂಪಾಯಿ. ಮನೆ ಖಾಲಿ ಮಾಡಿದ ದಿನ 92,000 ರೂಪಾಯಿ ಕೈಗೆ ಬರುತ್ತದೆ. ತಂಗಿಯ ಮದುವೆಯೋ ಸಾಲದ ತೀರುವಳಿಯೋ ಎದುರಿಗಿರುವ ಕುಟುಂಬಕ್ಕೆ ಈ ಇಡುಗಂಟು ತಿಂಗಳ ಉಳಿತಾಯಕ್ಕಿಂತ ದೊಡ್ಡದು. ನುರಿತ ಕೆಲಸಗಾರನನ್ನು ಉಳಿಸಿಕೊಳ್ಳಲು ಸಂಬಳವನ್ನು ಎರಡು ಮೂರು ಸಾವಿರ ಏರಿಸಬೇಕೇನೋ ಎಂದು ಅಂಜುವ ಮಾಲೀಕರು ಮನೆಯ ಮುಂಗಡಕ್ಕಾಗಿ ಬಡ್ಡಿರಹಿತ ಸಾಲ ಕೊಟ್ಟು ಕಂತಿನಲ್ಲಿ ಹಿಂಪಡೆಯುವ ಮಾರ್ಗವನ್ನು ಪರಿಶೀಲಿಸಬಹುದು. ಅದರ ಖರ್ಚು ಆ ಹಣದ ಬಡ್ಡಿ ಮಾತ್ರ. ಹೊಸಬನನ್ನು ಸಿಎನ್‌ಸಿ ಯಂತ್ರದ ಮುಂದೆ ನಿಲ್ಲಿಸಿ ಕಲಿಸುವ ಅವಧಿಯಲ್ಲಿ ಗುಜರಿಗೆ ಹೋಗುವ ಮಾಲಿನ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಕಾರ್ಖಾನೆ ನಡೆಸಿದವರಿಗೆಲ್ಲ ತಿಳಿದ ವಿಷಯ.

ತಡವಾಗಿ ಬರುವ ಬಿಲ್ಲುಗಳು

ಮೊದಲನೆಯದು ವಾಹನ. 1988ರ ಮೋಟಾರು ವಾಹನ ಕಾಯಿದೆಯಂತೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಹೊಸ ರಾಜ್ಯದಲ್ಲಿ ಮತ್ತೆ ಆಜೀವ ತೆರಿಗೆ ಇವೆಲ್ಲ ಬೇಕು. ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಹಾಕಿ ಹಿಂಪಡೆಯಬಹುದು. ಹಿಂಪಡೆಯುವವರೆಗಿನ ಓಡಾಟವನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು. 2021ರಲ್ಲಿ ಬಂದ ಬಿಎಚ್ ಸರಣಿಯ ನೋಂದಣಿ ಈ ತೊಡಕನ್ನು ನಿವಾರಿಸುತ್ತದಾದರೂ, ಖಾಸಗಿ ವಲಯದಲ್ಲಿ ಅದು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಸಂಸ್ಥೆಗಳ ನೌಕರರಿಗೆ ಮಾತ್ರ. ಒಂದೇ ಶೆಡ್ಡಿನ ಕಾರ್ಖಾನೆಯ ಕಾರ್ಮಿಕನಿಗೆ ಅದರಿಂದ ಪ್ರಯೋಜನವಿಲ್ಲ. ಭವಿಷ್ಯನಿಧಿ ಹಾಗೂ ಇಎಸ್‌ಐ ವಿಷಯದಲ್ಲಿ ಮಾತ್ರ ಚಿಂತೆಯಿಲ್ಲ. ಎರಡರ ಸಂಖ್ಯೆಯೂ ರಾಜ್ಯ ಬದಲಾದರೂ ಅದೇ ಇರುತ್ತದೆ.

ಎರಡನೆಯದು ಮಕ್ಕಳ ಓದು. ಇದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಡಿಮೆ ಯೋಚನೆಗೆ ಬರುವುದೂ ಇದೇ. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ಹತ್ತನೆಯ ತರಗತಿಯವರೆಗೆ ತಮಿಳು ಕಲಿಕೆ ಹಂತ ಹಂತವಾಗಿ ಕಡ್ಡಾಯವಾಯಿತು. ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ ನ್ಯಾಯಾಲಯಗಳ ಮೂಲಕ ವಿನಾಯಿತಿ ದೊರೆತ ವರ್ಷಗಳಿವೆಯಾದರೂ, ಅದನ್ನು ನೆಚ್ಚಿ ಮಗುವಿನ ಓದನ್ನು ಯೋಜಿಸಲಾಗದು. ಒಂದನೆಯ ತರಗತಿಗೆ ಸೇರುವ ಮಗು ತಮಿಳನ್ನು ಆಟದಂತೆ ಕಲಿಯುತ್ತದೆ. ಏಳನೆಯ ತರಗತಿಯಲ್ಲಿ ಬಂದ ಮಗುವಿಗೆ ಅದೇ ಬೆಟ್ಟವಾಗುತ್ತದೆ.

ವೃತ್ತಿಶಿಕ್ಷಣದ ಸೀಟಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಇರುವ ಪ್ರಮುಖ ಷರತ್ತು, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು ಮತ್ತು ಹತ್ತನೆಯ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿ ಉತ್ತೀರ್ಣರಾಗಿರಬೇಕು ಎಂಬುದು. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ 8ರಿಂದ 12ನೆಯ ತರಗತಿಯವರೆಗೆ ಅಲ್ಲಿಯೇ ಓದಿದವರು ನೇಟಿವಿಟಿ ಪ್ರಮಾಣಪತ್ರ ಕೊಡಬೇಕಿಲ್ಲ; ಉಳಿದವರು ಕೊಡಬೇಕು. ಈಗ ಒಂಬತ್ತನೆಯ ತರಗತಿಗೆ ಹೊಸೂರಿಗೆ ಸೇರಿ ಹನ್ನೆರಡರವರೆಗೆ ಅಲ್ಲಿಯೇ ಓದಿದ ಹುಡುಗಿಯನ್ನು ನೆನೆದುಕೊಳ್ಳಿ. ಇಲ್ಲಿ ಎಂಟು ವರ್ಷ ಓದಿದ್ದಾಳೆ, ಆದರೆ ಹತ್ತನೆಯದನ್ನಾಗಲಿ ಪಿಯುಸಿಯನ್ನಾಗಲಿ ಇಲ್ಲಿ ಮುಗಿಸಿಲ್ಲ. ಅಲ್ಲಿ ನಾಲ್ಕು ವರ್ಷ ಓದಿದ್ದಾಳೆ, ಐದು ಬೇಕಾಗಿತ್ತು. ಒಂದು ವರ್ಷದ ಅಂತರದಿಂದ ಎರಡೂ ಕಡೆ ಕಾಗದಪತ್ರಕ್ಕಾಗಿ ಅಲೆಯುವ ಸ್ಥಿತಿ ಒದಗಿತು. ಒಂದು ವರ್ಷ ಮುಂಚೆ ಹೋಗಿದ್ದರೆ ಅಲ್ಲಿ ಸಲೀಸು. ಎರಡು ವರ್ಷ ತಡೆದು ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗಿದ್ದರೆ ಇಲ್ಲಿ ಸಲೀಸು. ತಂದೆ ಹೊರಟಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಕುಟುಂಬಗಳಿಗೆ ಇದರ ಮೇಲೊಂದು ಕಷ್ಟವಿದೆ. ಒಂದು ರಾಜ್ಯದಲ್ಲಿ ಈ ವರ್ಗಕ್ಕೆ ಸೇರಿದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದ ಮಾತ್ರಕ್ಕೆ ಅಲ್ಲಿನ ಮೀಸಲಾತಿಗೆ ಅರ್ಹರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪಿತ್ತಿತು. 2018ರಲ್ಲಿ ಮತ್ತೊಂದು ಸಂವಿಧಾನ ಪೀಠ ಅದೇ ತತ್ತ್ವವನ್ನು ಎತ್ತಿಹಿಡಿಯಿತು. ಜಾತಿಯ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ ಅಷ್ಟೇ. ಹಿಂದುಳಿದ ವರ್ಗಗಳದ್ದೂ ಪ್ರತ್ಯೇಕ ಪಟ್ಟಿಗಳೇ. ಕರ್ನಾಟಕದ 2ಎ ಅಥವಾ 3ಬಿ ಪ್ರವರ್ಗಕ್ಕೆ ತಮಿಳುನಾಡಿನಲ್ಲಿ ಹೆಸರೂ ಇಲ್ಲ. ತಿಂಗಳಿಗೆ ಒಂಬೈನೂರೋ ಮೂರು ಸಾವಿರವೋ ಉಳಿಸಲು ಹೋದ ತಂದೆ ಮಗನ ಕಾಲಕ್ಕೆ ಕಳೆದುಕೊಳ್ಳಬಹುದಾದುದು ಒಂದು ಕಾಲೇಜು ಸೀಟು. ಇದನ್ನು ರೂಪಾಯಿಯಲ್ಲಿ ಬರೆಯುವುದು ಹೇಗೆ?

ಮಾಲೀಕನೇ ದಾಟುವುದಾದರೆ

ಶೆಡ್ಡನ್ನೇ ಗಡಿಯಾಚೆಗೆ ಒಯ್ಯುವ ಉದ್ಯಮಿಗಳಿಗೆ ಹಳೆಯ ಕಾಲದ ಭಯ ಈಗಿಲ್ಲ. ಕೇಂದ್ರ ಮಾರಾಟ ತೆರಿಗೆ, ಸಿ ನಮೂನೆಗಾಗಿ ಗಿರಾಕಿಯ ಬೆನ್ನು ಹತ್ತುವುದು, ಅತ್ತಿಬೆಲೆಯ ತಪಾಸಣಾ ಠಾಣೆಯಲ್ಲಿ ಲಾರಿಗಳ ಸಾಲು ಇವೆಲ್ಲ 2017ರ ಜುಲೈ 1ರಂದು ಜಿಎಸ್‌ಟಿ ಬಂದೊಡನೆ ಹಿಂದೆ ಸರಿದವು. ಆದರೆ ಜಿಎಸ್‌ಟಿಯಲ್ಲಿಯೂ ಗಡಿ ಇದೆ. ಅದು ಲೆಕ್ಕದ ಪುಸ್ತಕದೊಳಗೆ ಸೇರಿಕೊಂಡಿದೆ. ಕರ್ನಾಟಕದ ನೋಂದಣಿ ಸಂಖ್ಯೆ 29ರಿಂದ ಆರಂಭವಾಗುತ್ತದೆ, ತಮಿಳುನಾಡಿನದು 33ರಿಂದ. ವಿಳಾಸ ಬದಲಾವಣೆಯ ಅರ್ಜಿಯಿಂದ 29 ಎಂಬುದು 33 ಆಗದು. ಹೊಸ ನೋಂದಣಿಯನ್ನೇ ಪಡೆಯಬೇಕು. ಮಾಲೀಕರು ಒಬ್ಬರೇ ಆದರೂ ಕಾನೂನಿನ ದೃಷ್ಟಿಯಲ್ಲಿ ಇವೆರಡು ಬೇರೆ ಬೇರೆ ವ್ಯಕ್ತಿಗಳು. ಆದುದರಿಂದ ತಮ್ಮದೇ ಲೇತ್ ಯಂತ್ರವನ್ನು ತಮ್ಮದೇ ಹಳೆಯ ಶೆಡ್ಡಿನಿಂದ ಹೊಸ ಶೆಡ್ಡಿಗೆ ಸಾಗಿಸುವಾಗಲೂ ತೆರಿಗೆ ಬಿಲ್ಲು ಬರೆಯಬೇಕಾಗುತ್ತದೆ. ಇದರಲ್ಲಿ ಒಂದು ಅನುಕೂಲವೂ ಇದೆ: ಹಳೆಯ ಖಾತೆಯಲ್ಲಿ ಉಳಿದಿರುವ ಹೂಡುವಳಿ ತೆರಿಗೆಯ ಜಮೆಯನ್ನು ಈ ಬಿಲ್ಲಿನ ತೆರಿಗೆಗೆ ಬಳಸಿಕೊಂಡರೆ ಅದು ಹೊಸ ಖಾತೆಗೆ ಜಮೆಯಾಗಿ ಬರುತ್ತದೆ. ಹಳೆಯ ನೋಂದಣಿಯನ್ನು ಮೊದಲೇ ರದ್ದುಪಡಿಸಿ ಬಳಿಕ ಯಂತ್ರ ಸಾಗಿಸಲು ಹೊರಟವರಿಗೆ ಈ ದಾರಿ ಮುಚ್ಚಿಹೋಗುತ್ತದೆ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು.

ತೀರ ಸಣ್ಣ ಘಟಕಗಳಿಗೆ ಪೆಟ್ಟು ಬೀಳುವುದು ಬೇರೆ ಕಡೆ. ಸರಕು ಮಾರುವವರಿಗೆ ಎರಡೂ ರಾಜ್ಯಗಳಲ್ಲಿ 2019ರ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಈ ರಿಯಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಜಿಗಣಿಯಲ್ಲಿ ಕುಳಿತು ಬೆಂಗಳೂರಿನ ಗಿರಾಕಿಗೆ ನಿರಾಳವಾಗಿ ಮಾಲು ಕೊಡುತ್ತಿದ್ದವರು ಹೊಸೂರಿನಿಂದ ಅದೇ ಗಿರಾಕಿಗೆ ಅದೇ ಮಾಲನ್ನು ಕಳುಹಿಸಿದರೆ ಮೊದಲ ಬಿಲ್ಲಿನಿಂದಲೇ ನೋಂದಣಿ ಕಡ್ಡಾಯ. ರಾಜಿ ತೆರಿಗೆ ಪದ್ಧತಿಯಲ್ಲಿರುವವರ ಪಾಡು ಇನ್ನೂ ಕಠಿಣ. ಅವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಹಳೆಯ ಗಿರಾಕಿಗಳೆಲ್ಲ ಬೆಂಗಳೂರಿನಲ್ಲೇ ಇರುವವರು ಹೊಸೂರಿಗೆ ಹೋದ ದಿನವೇ ಆ ಪದ್ಧತಿಯನ್ನು ಬಿಡಬೇಕು.

ಬೆಂಗಳೂರಿನ ದೊಡ್ಡ ಘಟಕಗಳಿಂದ ಬಿಡಿಭಾಗ ತಂದು ಮಿಲ್ಲಿಂಗ್, ಲೇಪನ ಮುಂತಾದ ಜಾಬ್‌ವರ್ಕ್ ಮಾಡಿಕೊಡುವವರು ಇನ್ನೊಂದು ನಿಯಮವನ್ನು ಅರಿತಿರಬೇಕು. ಸಾಮಾನ್ಯ ಸರಕಿಗೆ 50,000 ರೂಪಾಯಿ ಮೀರಿದಾಗ ಇ-ವೇ ಬಿಲ್ಲು ಬೇಕು. ಆದರೆ ಜಾಬ್‌ವರ್ಕಿಗಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳುಹಿಸುವ ಮಾಲಿಗೆ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಅದು ಬೇಕೇ ಬೇಕು. ಜಿಗಣಿಯ ಶೆಡ್ಡಿಗೆ ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ ಎರಡು ಸಾವಿರ ರೂಪಾಯಿಯ ಬುಷ್‌ಗಳ ಚೀಲಕ್ಕೆ ಅತ್ತಿಬೆಲೆ ದಾಟುವಾಗ ಇ-ವೇ ಬಿಲ್ಲು ಇರಬೇಕು. ಕಳುಹಿಸುವ ಘಟಕ ಪ್ರತಿ ಸಲವೂ ಇದನ್ನು ಬರೆಯಲು ಬೇಸರಪಟ್ಟರೆ ಆರ್ಡರು ಪಕ್ಕದ ಬೀದಿಯ ಶೆಡ್ಡಿಗೆ ಹೋಗುತ್ತದೆ. ಶೆಡ್ಡಿನ ಬಾಡಿಗೆ ಎಷ್ಟು ಇಳಿದರೆ ಈ ನಷ್ಟ ತುಂಬುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಚಲನ್ ಪುಸ್ತಕ ತೆರೆದು ನೋಡಿಕೊಳ್ಳಬೇಕು. ಹೊಸೂರಿನ ದೊಡ್ಡ ಕಾರ್ಖಾನೆಗಳೇ ಗಿರಾಕಿಗಳಾಗಿದ್ದರೆ ಲೆಕ್ಕ ಪೂರ್ತಿ ತಿರುಗುತ್ತದೆ, ಆಗ ಈಗಿರುವ ಜಾಗದಲ್ಲಿ ಉಳಿಯುವುದೇ ದುಬಾರಿ.

ಗಡಿ ಮುಚ್ಚಿದ ದಿನಗಳನ್ನೂ ಮರೆಯುವಂತಿಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಉಲ್ಬಣಿಸಿದಾಗ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ಜನ ಗಂಟುಮೂಟೆಯೊಂದಿಗೆ ಗಡಿಯನ್ನು ನಡೆದು ದಾಟಬೇಕಾಯಿತು. 2020ರ ಕೋವಿಡ್ ನಿರ್ಬಂಧದ ಕಾಲದಲ್ಲಿ ದಾಟಲು ಇ-ಪಾಸ್ ಬೇಕಾಯಿತು. ಹೊಸೂರಿನಲ್ಲಿ ಮನೆ, ಬೊಮ್ಮಸಂದ್ರದಲ್ಲಿ ಕೆಲಸ ಇದ್ದವರಿಗೆ ಆಗ ಹದಿನೆಂಟು ಕಿಲೋಮೀಟರು ನೂರಾ ಎಂಬತ್ತಕ್ಕೆ ಸಮನಾಗಿತ್ತು. ಇಂಥ ದಿನಗಳು ವರ್ಷಕ್ಕೊಮ್ಮೆಯೂ ಬಾರದಿರಬಹುದು. ಬಂದಾಗ ಮಾತ್ರ ಸಂಬಳದ ಪುಸ್ತಕದಲ್ಲಿ ಗೈರುಹಾಜರಿಯಾಗಿ ದಾಖಲಾಗುತ್ತವೆ.

ಇತ್ತ ಬೆಂಗಳೂರಿನ ಕಡೆಯೂ ಒಂದು ಬದಲಾವಣೆ ನಡೆದಿದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ನಮ್ಮ ಮೆಟ್ರೋ ಹಳದಿ ಮಾರ್ಗ ಆರಂಭವಾಯಿತು. ಕೆಲಸಗಾರರಿಗೆ ಉತ್ತರದ ಕಡೆ ಮನೆ ಹುಡುಕುವ ದಾರಿ ಇದರಿಂದ ತೆರೆಯಿತು. ನಿಲ್ದಾಣಗಳ ಸುತ್ತಲಿನ ಬಾಡಿಗೆ ಏರತೊಡಗಿದರೆ ಇನ್ನಷ್ಟು ಮಂದಿ ಅತ್ತಿಬೆಲೆಯ ಕಡೆ ಮುಖ ಮಾಡುವುದೂ ಸಾಧ್ಯ. ಮನೆ ಬದಲಿಸುವವರು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಿನಲ್ಲಿ, ಶಾಲೆಯ ವರ್ಗಾವಣೆ ಪತ್ರ ತೆಗೆಸುವ ಹೊತ್ತಿಗೆ, ಮಾಲೀಕರಿಗೆ ವಿಷಯ ತಿಳಿಸುತ್ತಾರೆ. ಮುಂಗಡದ ಸಾಲದ ಮಾತಾಗಲಿ, ಮಗಳು ಈಗ ಯಾವ ತರಗತಿಯಲ್ಲಿದ್ದಾಳೆ ಎಂಬ ವಿಚಾರಣೆಯಾಗಲಿ ಫೆಬ್ರವರಿಯಲ್ಲೇ ನಡೆದರೆ ಅದರಿಂದ ಇಬ್ಬರಿಗೂ ಉಪಯೋಗವಾದೀತು. ವರ್ಗಾವಣೆ ಪತ್ರ ಕೈಗೆ ಬಂದ ಮೇಲೆ ಆಡಿದ ಮಾತಿನಿಂದ ಲಾರಿಗೆ ಏರಿಸಿದ ಸಾಮಾನು ಕೆಳಗಿಳಿಯುವುದು ಅಪರೂಪ.